ಏಳಿಲ್ಲದ ಡಯಲು

ಮನೆ, ಮೇಲಿನ ಕೋಣೆ
ಮಂಗಳವಾರ, ಒಂಬತ್ತನೇ ತಾರೀಖು

ಚಿರಂಜೀವಿ ಗುಂಡನಿಗೆ ಅಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯ? ಬೆಟ್ಟದ ಮೇಲಿನ ಆ ಕರೆಂಟ್ ಸ್ಟೇಷನ್ನಿನಲ್ಲಿ ಚಳಿ ಹೆಚ್ಚಾಗಿದೆಯಂತೆ. ಕೆಮ್ಮು ಹೋಯಿತೇ? ಭಾನುವಾರ ಫೋನಿನಲ್ಲಿ ‘ಚೆನ್ನಾಗಿದ್ದೀನಮ್ಮ’ ಎನ್ನುವಾಗ ನಡುವೆ ಎರಡು ಸಲ ಕೆಮ್ಮಿದೆ, ನನ್ನ ಕಿವಿ ಇನ್ನೂ ಚುರುಕಾಗಿದೆ. ಕೊರಳಿಗೆ ಮಫ್ಲರ್ ಸುತ್ತಿಕೋ. ನಾನು ಹೆಣೆದದ್ದನ್ನು, ಅವಳು ಕೊಂಡುಕೊಟ್ಟದ್ದನ್ನಲ್ಲ. ಅವಳದು ಬಣ್ಣ ಚೆನ್ನಾಗಿದೆ ಅಷ್ಟೇ, ಬೆಚ್ಚಗಿರುವುದಿಲ್ಲ. ಇಲ್ಲಿ ನಿಮ್ಮಪ್ಪ ಸೌಖ್ಯ, ನಾನು ಸೌಖ್ಯ, ನಿನ್ನ ಹೆಂಡತಿ ಬಹಳ ಸೌಖ್ಯ. ಅವಳ ಸೌಖ್ಯದ ವಿಷಯ ಬರೆಯುವುದಕ್ಕೇ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನು ಅವಳದು, ಹಿಡಿದುಕೊಳ್ಳುವವಳು ಅವಳು, ‘ಅತ್ತೆ, ಜೋರಾಗಿ ಮಾತಾಡಿ’ ಎಂದು ಪಕ್ಕದಲ್ಲೇ ಕೂರುವವಳೂ ಅವಳು. ಅವಳ ಮೇಲಿನ ದೂರನ್ನು ಅವಳ ಫೋನಿನಲ್ಲೇ ಜೋರಾಗಿ ಹೇಳುವಷ್ಟು ಧೈರ್ಯ ನನಗಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ನನಗೆ ನಿನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಅನ್ನ ಸೇರದಷ್ಟು. ನೀನು ಹುಟ್ಟುವುದಕ್ಕೂ ಮೊದಲಿನಿಂದ ಕೆಳಗಿನ ವರ್ಕ್‌ಶಾಪಿನಲ್ಲಿ ಮೀಟರು ಬಿಚ್ಚುವವರು ನಿಮ್ಮಪ್ಪ, ಡಯಲು ಬರೆಯುವವಳು ನಾನು. ಕಿಟಕಿಯ ಪಕ್ಕದ ಆ ಓರೆ ಮೇಜು ನಿನಗೆ ನೆನಪಿರಬೇಕು. ತಗಡಿಗೆ ಬಿಳಿ ಬಣ್ಣ ಹೊಡೆದು ಒಣಗಿಸಿ, ಕೈವಾರದಲ್ಲಿ ಕಮಾನು ಎಳೆದು, ನಿಮ್ಮಪ್ಪ ಕರೆಂಟು ಹಾಯಿಸುತ್ತ ‘ಐದು, ಹತ್ತು’ ಎನ್ನುತ್ತಿದ್ದ ಹಾಗೆ ಮುಳ್ಳು ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಆಮೇಲೆ ಇಂಕಿನಲ್ಲಿ ಗೆರೆ, ಗೆರೆಯ ಮೇಲೆ ಅಂಕಿ. ಒಂದು ಡಯಲಿಗೆ ಒಂದು ಹಗಲು. ನೀನು ಮೇಜು ಅಲ್ಲಾಡಿಸಿದರೆ ಇನ್ನೊಂದು ಹಗಲು, ಜೊತೆಗೆ ನಿನಗೆ ಎರಡೇಟು. ಊರಿನ ಎಷ್ಟೋ ಕಾರ್ಖಾನೆಗಳ ಗೋಡೆಯ ಮೇಲೆ ಇವತ್ತಿಗೂ ಇರುವುದು ನನ್ನ ಅಂಕಿಗಳೇ. ಈಚೆಗೆ ಕೈ ಸ್ವಲ್ಪ ನಡುಗುತ್ತದೆ, ಗೆರೆ ಹೆಜ್ಜೆ ತಪ್ಪುತ್ತದೆ. ಕನ್ನಡಕ ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಕರೆದುಕೊಂಡು ಹೋಗಿ ಕನ್ನಡಕ ಬದಲಾಯಿಸಿಕೊಟ್ಟವಳು ನಿನ್ನ ಹೆಂಡತಿ. ನೋಡು, ಎಲ್ಲಿ ಹೋದರೂ ಅವಳೇ.

ಆಮೇಲೆ ಆ ಸಾಫ್ಟ್‌ವೇರ್ ತಂದಳು. ಮೀಟರಿನ ಡಯಲು ಬರೆಯುವುದಕ್ಕೆಂದೇ ಯಾರೋ ಪುಣ್ಯಾತ್ಮ ಮಾಡಿದ್ದಾನಂತೆ, ಅವನಿಗೆ ಬೇರೆ ಕೆಲಸವೇ ಇರಲಿಲ್ಲವೋ ಏನೋ. ಮುಳ್ಳು ಎಷ್ಟು ಉದ್ದ, ಎಲ್ಲಿಂದ ಎಲ್ಲಿಯವರೆಗೆ ತಿರುಗುತ್ತದೆ, ಸೊನ್ನೆಯಿಂದ ಎಷ್ಟಕ್ಕೆ, ನಡುವೆ ಎಷ್ಟು ಗೆರೆ, ಇಷ್ಟನ್ನು ಅವಳು ಕುಟುಕುಟು ಒತ್ತಿದರೆ ಪರದೆಯ ಮೇಲೆ ಕಮಾನು ಬಂದು ಕೂತುಕೊಳ್ಳುತ್ತದೆ. ಕೆಲವು ಹಳೆಯ ಮೀಟರುಗಳಲ್ಲಿ ಮುಳ್ಳು ಮೊದಲು ಸೋಮಾರಿಯ ಹಾಗೆ ತೆವಳಿ ಆಮೇಲೆ ಓಡುತ್ತದಲ್ಲ, ಅದು ಇದಕ್ಕೆಲ್ಲಿ ಗೊತ್ತಾಗಬೇಕು ಎಂದುಕೊಂಡೆ. ಅದಕ್ಕೂ ದಾರಿ ಇದೆ. ಮುಳ್ಳು ನಿಂತ ಜಾಗಗಳನ್ನು ಒಂದೊಂದಾಗಿ ತುಂಬಿದರೆ ಗೆರೆಗಳು ತಾವೇ ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಸರಿದುಕೊಳ್ಳುತ್ತವೆ. ಅಂಟಿನ ಹಾಳೆಯ ಮೇಲೆ ಪ್ರಿಂಟು ತೆಗೆದು, ಕತ್ತರಿಸಿ, ತಗಡಿಗೆ ಅಂಟಿಸಿದರೆ ಮುಗಿಯಿತು. ನಾನು ಕೈವಾರ ಹುಡುಕುವಷ್ಟರಲ್ಲಿ ಅವಳ ಡಯಲು ಗಾಜಿನೊಳಗೆ ಸೇರಿರುತ್ತದೆ.

ಮೊದಲ ದಿನ ಮಾತ್ರ ದೇವರು ನನ್ನ ಮೊರೆ ಕೇಳಿದ. ಅವಳು ಅಂಟಿಸಿದ ಡಯಲಿನ ಮೇಲೆ ಮುಳ್ಳು ಸರಿಯಾಗಿ ಕೂರಲಿಲ್ಲ, ತುದಿ ಕಮಾನನ್ನು ದಾಟಿ ಅಂಕಿಯ ಹೊಟ್ಟೆಗೆ ಚುಚ್ಚುತ್ತಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷ. ಮೆಟ್ಟಿಲ ಮೇಲೆ ನಿಂತು ‘ಅಯ್ಯೋ ಪಾಪ, ಮೆಷಿನ್ ಅಲ್ವಾ, ಅದಕ್ಕೇನು ಗೊತ್ತಾಗುತ್ತೆ’ ಎಂದು ಸಮಾಧಾನವನ್ನೂ ಹೇಳಿದೆ. ಅವಳು ಸ್ಕೇಲ್ ಇಟ್ಟು ಅಳೆದಳು. ಪ್ರಿಂಟರು ಹಾಳೆಗೆ ಹೊಂದಿಸುತ್ತೇನೆ ಎಂದುಕೊಂಡು ಚಿತ್ರವನ್ನೇ ಸ್ವಲ್ಪ ಕುಗ್ಗಿಸಿತ್ತಂತೆ. ಪರದೆಯ ಮೇಲೆ ಎಲ್ಲೋ ಇದ್ದ ಒಂದು ಟಿಕ್ ಗುರುತು ತೆಗೆದಳು, ಇನ್ನೊಂದು ಪ್ರಿಂಟು ಬಂತು, ಮುಳ್ಳು ಗೆರೆಯ ಮೇಲೆ ಬಂದು ನಿಂತಿತು. ನಿಮ್ಮಪ್ಪ ಭೂತಗನ್ನಡಿ ಹಿಡಿದು ನೋಡಿ ‘ಭೇಷ್’ ಎಂದರು. ಗುಂಡಾ, ಭೇಷ್! ಅವರ ಬಾಯಲ್ಲಿ ಆ ಮಾತು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಈಗ ಡಯಲಿಗೊಂದು ಭೇಷ್ ಮೆಟ್ಟಿಲು ಹತ್ತಿಕೊಂಡು ನನ್ನ ಕೋಣೆಯವರೆಗೆ ಬರುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದೂ ಹೇಳುತ್ತಾರೆ. ನನ್ನ ಅತ್ತೆ ಇದ್ದಾಗ ಅದು ಅತ್ತೆಯ ಕಾಲ, ಈಗ ನೋಡಿದರೆ ಸೊಸೆಯ ಕಾಲ. ನಡುವೆ ನನ್ನ ಕಾಲ ಯಾವಾಗ ಬಂದು ಯಾವಾಗ ಹೋಯಿತೋ, ಡಯಲು ಬರೆಯುತ್ತ ಕೂತಿದ್ದ ನನಗೆ ಗೊತ್ತಾಗಲೇ ಇಲ್ಲ.

ನನ್ನನ್ನು ಅವರು ಹೊಗಳಿದ್ದು ಒಂದೇ ಒಂದು ಸಲ. ಮದುವೆಯಾದ ಹೊಸದರಲ್ಲಿ ಯಾವುದೋ ಗಿರಣಿಯ ಆಪರೇಟರು ದೂರದಿಂದ ಏಳನ್ನು ಒಂದು ಎಂದು ಓದಿ ಮೋಟಾರು ಸುಟ್ಟುಕೊಂಡಿದ್ದ. ಅದು ನಾನು ಬರೆದ ಡಯಲಲ್ಲ, ಆದರೂ ಅಂದಿನಿಂದ ನಾನು ಏಳರ ನೆತ್ತಿಯನ್ನು ಸ್ವಲ್ಪ ಬಾಗಿಸಿ, ಕಾಲನ್ನು ಒಳಕ್ಕೆ ಎಳೆದು ಬರೆಯತೊಡಗಿದೆ. ನಿಮ್ಮಪ್ಪ ಡಯಲನ್ನು ಗೋಡೆಗೆ ಒರಗಿಸಿ, ಬಾಗಿಲವರೆಗೆ ಹಿಂದಕ್ಕೆ ನಡೆದು, ‘ನಿನ್ನ ಏಳು ಎಷ್ಟು ದೂರದಿಂದ ನೋಡಿದ್ರೂ ಏಳೇ ಕಣೇ’ ಎಂದರು. ಅಷ್ಟೇ. ಇಷ್ಟು ವರ್ಷ ಅದನ್ನೇ ಚಪ್ಪರಿಸಿಕೊಂಡು ಬಂದಿದ್ದೇನೆ. ಈಗ ನಿನ್ನ ಹೆಂಡತಿಗೆ ನನ್ನ ಅಂಕಿಗಳೂ ಬೇಕಾದವು. ಹಳೆಯ ಪ್ಯಾನೆಲ್ಲಿನಲ್ಲಿ ಒಂದು ಮೀಟರಿಗೆ ಹೊಸ ಡಯಲು ಹಾಕಿದರೆ, ಪಕ್ಕದ ಮೀಟರುಗಳಲ್ಲಿರುವ ನನ್ನ ಅಂಕಿಗೂ ಕಂಪ್ಯೂಟರಿನ ಅಂಕಿಗೂ ಹೊಂದುವುದಿಲ್ಲವಂತೆ. ಹಾಳೆ ತಂದು, ‘ಅತ್ತೆ, ಸೊನ್ನೆಯಿಂದ ಒಂಬತ್ತರ ತನಕ ದೊಡ್ಡದಾಗಿ ಬರೆದುಕೊಡಿ, ನಿಮ್ಮ ಕೈಯನ್ನೇ ಒಳಗೆ ಹಾಕಿಬಿಡ್ತೀನಿ’ ಎಂದಳು. ಕೈಯನ್ನೇ ಒಳಗೆ ಹಾಕುತ್ತಾಳಂತೆ! ಆಮೇಲೆ ಕೈ ಇರುವವಳು ಏಕೆ ಬೇಕು? ಎಲ್ಲ ಬರೆದುಕೊಟ್ಟೆ, ಏಳು ಬಿಟ್ಟೆ. ಮರೆತಲ್ಲ, ಬೇಕೆಂದೇ ಬಿಟ್ಟೆ. ‘ಏಳು ಬಿಟ್ಟುಹೋಗಿದೆ ಅಲ್ವಾ ಅತ್ತೆ’ ಎಂದಳು. ಕೈ ನೋಯುತ್ತದೆ, ನಾಳೆ ಬರೆಯುತ್ತೇನೆ ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ, ಅದೂ ಒಂದು ಜಂಭವೇ.

ಇಷ್ಟು ದಿನ ಏಳಿಲ್ಲದೆ ಹೇಗೋ ನಡೆಯಿತು. ಈಗ ಪೇಚಿಗೆ ಬಂದಿದೆ. ನೀರು ಸರಬರಾಜಿನ ಹಳೆಯ ಪಂಪ್‌ಹೌಸಿನವರು ದೊಡ್ಡ ಮೋಟಾರು ಹಾಕಿಸಿದ್ದಾರೆ, ಅರವತ್ತರವರೆಗೆ ತೋರಿಸುತ್ತಿದ್ದ ಆಂಪಿಯರ್ ಮೀಟರುಗಳನ್ನು ಎಪ್ಪತ್ತೈದಕ್ಕೆ ಏರಿಸಿ ಕೊಡಬೇಕು. ಆ ಗೋಡೆಯ ಮೀಟರುಗಳೆಲ್ಲ ನಾನು ಬರೆದವು, ನೀನು ಹುಟ್ಟಿದ ವರ್ಷ. ಹೊಸ ಡಯಲು ಅದೇ ಕೈಯದಾಗಿ ಕಂಡರೆ ಸರಿ, ಇಲ್ಲವಾದರೆ ಎಲ್ಲವನ್ನೂ ಕಿತ್ತುಹಾಕಿ ಅಂಕಿ ಮಿನುಗುವ ಡಿಜಿಟಲ್ ಮೀಟರು ಕೂರಿಸುತ್ತೇವೆ ಎಂದು ಅಲ್ಲಿನ ಮೇಲ್ವಿಚಾರಕರು ಹೇಳಿ ಹೋಗಿದ್ದಾರೆ. ತಿಂಗಳ ಕೊನೆಗೆ ನೋಡಲು ಬರುತ್ತಾರೆ. ನಕಲು ಮಾಡೋಣವೆಂದರೆ ಆ ಗೋಡೆಯಲ್ಲಿ ಎಲ್ಲೂ ಏಳಿಲ್ಲ, ಬೇರೆ ಕಾರ್ಖಾನೆಯವರು ಓಡುವ ಮೀಟರಿನ ಗಾಜು ಬಿಚ್ಚಲು ಬಿಡುವುದಿಲ್ಲ. ಸೊನ್ನೆ, ಹದಿನೈದು, ಮೂವತ್ತು, ನಲವತ್ತೈದು, ಅರವತ್ತು, ಇವೆಲ್ಲ ನನ್ನ ಅಂಕಿಯಲ್ಲಿ ಚೆಂದಾಗಿ ಬಂದವು. ಕೊನೆಯದಕ್ಕೆ ಅವಳು ನನ್ನ ಒಂದರ ತಲೆಗೆ ಟೋಪಿ ಹಾಕಿ ಏಳು ಮಾಡಿದಳು. ಮೆಟ್ಟಿಲ ಮೇಲಿಂದ ನೋಡಿದೆ, ಬಿಸಿಲಿಗೆ ಬಾಡಿದ ಹುರುಳಿಕಾಯಿಯ ಹಾಗಿತ್ತು. ನಿಮ್ಮಪ್ಪ ಅದನ್ನು ಗೋಡೆಗೆ ಒರಗಿಸಿ ಬಾಗಿಲವರೆಗೆ ಹಿಂದಕ್ಕೆ ನಡೆದರು. ‘ಬೇಡಮ್ಮ, ಇದು ಅವಳ ಏಳಲ್ಲ’ ಎಂದರು. ‘ನಂಗೂ ಹಾಗೇ ಅನ್ನಿಸ್ತು ಮಾವ’ ಎಂದು ಅವಳು ಏಳರ ಜಾಗ ಖಾಲಿ ಬಿಟ್ಟು ಪ್ರಿಂಟು ತೆಗೆದಳು. ಆ ಡಯಲುಗಳು ನನ್ನ ಓರೆ ಮೇಜಿನ ಮೇಲೆ ಸಾಲಾಗಿ ಕೂತಿವೆ. ಅರವತ್ತು ದಾಟಿದ ಮೇಲೆ ಸ್ವಲ್ಪ ಬಯಲು, ಅದರ ಪಕ್ಕ ಒಂಟಿ ಐದು. ನನ್ನನ್ನು ಇಬ್ಬರೂ ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು, ಆ ಸುಖವನ್ನೂ ಕೊಡಲಿಲ್ಲ.

ನಿನ್ನೆ ಅವರಿಬ್ಬರೂ ಪಂಪ್‌ಹೌಸಿಗೆ ಹೋಗಿದ್ದಾಗ ಕೆಳಗಿಳಿದೆ. ಕಂಪ್ಯೂಟರು ಆನ್ ಆಗಿಯೇ ಇತ್ತು. ಅಂಕಿಯ ನಮೂನೆಗಳ ಸಾಲಿನಲ್ಲಿ ನನ್ನದನ್ನು ಹುಡುಕಿದೆ. ಅವಳು ಅದಕ್ಕಿಟ್ಟ ಹೆಸರು ‘ಅತ್ತೆ’. ಅದರಲ್ಲಿ ‘ಅತ್ತೆ ತೆಳು’, ‘ಅತ್ತೆ ದಪ್ಪ’ ಎಂದು ಎರಡು ಬಗೆ. ದಪ್ಪವಂತೆ! ಅದು ಗೆರೆಯ ದಪ್ಪ ಎಂದು ನನಗೂ ತಿಳಿಯುತ್ತದೆ, ಆದರೂ ಅವಳಿಗೆ ಬೇರೆ ಹೆಸರು ಸಿಗಲಿಲ್ಲವೇ? ಒಂದೇ ಬೆರಳಲ್ಲಿ ಒತ್ತುತ್ತ ಹೋದೆ. ನಾಲ್ಕು ಒತ್ತಿದರೆ ನನ್ನ ನಾಲ್ಕು, ಎಂಟು ಒತ್ತಿದರೆ ನನ್ನ ಎಂಟು, ಹಿಂದಿನ ಹಾಗೆಯೇ ನೆಟ್ಟಗೆ. ನಾನು ಬರೆದುಕೊಟ್ಟವು ಅಷ್ಟು ನೆಟ್ಟಗಿರಲಿಲ್ಲ ಗುಂಡಾ. ನಡುಕವನ್ನೆಲ್ಲ ಅವಳು ಕೂತು ತೆಗೆದಿದ್ದಾಳೆ, ಯಾರ ಮುಂದೆಯೂ ಒಂದು ಮಾತು ಆಡಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು, ನಾನಾಗಿದ್ದರೆ ಆಡಿಬಿಡುತ್ತಿದ್ದೆ. ಆಮೇಲೆ ಏಳು ಒತ್ತಿದೆ. ಒಂದು ಖಾಲಿ ಚೌಕ ಬಂತು. ಮತ್ತೆ ಒತ್ತಿದೆ, ಮತ್ತೊಂದು ಚೌಕ. ಸಾಲು ತುಂಬ ಚೌಕಗಳಾದವು. ಅಳಿಸುವುದು ಹೇಗೆಂದು ತಿಳಿಯದೆ ಹಾಗೇ ಬಿಟ್ಟು ಮೇಲೆ ಬಂದೆ. ಅವಳು ಬಂದು ನೋಡಿರುತ್ತಾಳೆ. ಸಂಜೆ ಎಂದಿನ ಹಾಗೆ ಚಹಾ ತಂದುಕೊಟ್ಟಳು.

‘ಕೊಟ್ಟುಬಿಡಮ್ಮ, ಅದೇನು ಮಹಾ’ ಎನ್ನುತ್ತೀಯ, ಗೊತ್ತು. ನೀನು ಅವಳ ಗಂಡ, ಹಾಗೇ ಎನ್ನಬೇಕು. ನಾನು ಕೊಡುವುದಿಲ್ಲ. ಉಳಿದ ಒಂಬತ್ತನ್ನೂ ಅವಳೇ ಇಟ್ಟುಕೊಳ್ಳಲಿ, ನಿಮ್ಮಪ್ಪನ ಭೇಷುಗಳನ್ನೂ ಕಟ್ಟಿಟ್ಟುಕೊಳ್ಳಲಿ, ಇದೊಂದು ನನ್ನ ಹತ್ತಿರ ಇರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಸಾಕ್ಸ್ ಹಾಕಿಕೊಂಡು ಮಲಗಬೇಡ. ನಿಮ್ಮಪ್ಪನ ಆಶೀರ್ವಾದವನ್ನೂ ನಾನೇ ಸೇರಿಸಿ ಬರೆದಿದ್ದೇನೆ, ಅವರು ಕೆಳಗೆ ಕೆಲಸದಲ್ಲಿದ್ದಾರೆ. ನಿನ್ನ ಹೆಂಡತಿಯೂ ಕೇಳಿದಳೆಂದು ತಿಳಿದುಕೋ. ತಣ್ಣಗಿರು ಮಗನೇ.

ನಿನ್ನ ಅಮ್ಮ
(ತೆಳುವೂ ಅಲ್ಲ, ದಪ್ಪವೂ ಅಲ್ಲ)

ಇನ್ನೊಂದು ಮಾತು: ಕವರಿನಲ್ಲಿ ಎರಡು ರಟ್ಟುಗಳ ನಡುವೆ ಒಂದು ಹಾಳೆ ಇದೆ, ಮಡಿಸಬೇಡ. ಬೆಳಗಿನಿಂದ ಹಾಳೆ ಕೆಡಿಸಿ ಕೆಡಿಸಿ ಒಂದೇ ಒಂದು ಏಳು ನೆಟ್ಟಗೆ ಬಂದಿದೆ, ಇನ್ನೊಂದು ಬರುತ್ತದೆಂಬ ನಂಬಿಕೆ ನನಗಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಡ, ಅಂಚು ಮಸುಕಾಗುತ್ತದೆ. ಹಾಳೆಯನ್ನೇ ಅವಳ ಹೆಸರಿಗೆ ಇವತ್ತೇ ಅಂಚೆಗೆ ಹಾಕು. ನಿನ್ನ ಯಾವುದೋ ಹಳೆಯ ಪುಸ್ತಕದೊಳಗೆ ಸಿಕ್ಕಿತು ಅನ್ನು. ನಾನು ಕೊಟ್ಟೆ ಎಂದು ಬಾಯಿ ಬಿಟ್ಟೆಯೋ, ನಾನು ನಿನ್ನ ತಾಯಲ್ಲ, ನೀನು ನನ್ನ ಮಗನಲ್ಲ. ಡಯಲು ಮುಗಿದ ದಿನ ನಿಮ್ಮಪ್ಪ ಅದನ್ನು ಗೋಡೆಗೆ ಒರಗಿಸಿ ಬಾಗಿಲವರೆಗೆ ನಡೆದು ನೋಡೇ ನೋಡುತ್ತಾರೆ. ಆಗ ಏನಂದರು ಎಂದು ಅವಳನ್ನು ಕೇಳಿ ನನಗೆ ಬರೆ. ಭೇಷ್ ಅಂದಿದ್ದರೆ, ಯಾರಿಗೆ ಅಂದರು ಎನ್ನುವುದನ್ನೂ ಕೇಳು.