ನೆರಳಲ್ಲಿ ನಿಂತು ಹಡಗು ಹುಡುಕಿದ್ದು

ಅಕ್ಕಾ, ನಮಸ್ಕಾರ ಆಮೇಲೆ, ಮೊದಲು ಹಡಗಿನ ಸುದ್ದಿ.

ನಮ್ಮ ದ್ವೀಪಗಳ ಪ್ರವಾಸಕ್ಕೆ ಕೋಣೆ ಕಾದಿರಿಸಲು ಇವತ್ತು ಬಂದರಿಗೆ ಬಂದೆ. ಟಿಕೆಟ್ ಕಚೇರಿ ಇನ್ನೂ ತೆರೆದಿರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ಎದುರಿನ ದೊಡ್ಡ ಬಿಳಿ ಕಟ್ಟಡದ ನೆರಳಿಗೆ ಹೋಗಿ ನಿಂತೆ. ಸಾಲು ಸಾಲು ಬಾಲ್ಕನಿ, ಒಂದರಲ್ಲಿ ಯಾರೋ ಹಸಿರು ಟವೆಲ್ ಒಣಹಾಕಿದ್ದರು. “ಹಡಗು ಯಾವಾಗ ಬರುತ್ತಪ್ಪಾ?” ಎಂದು ಕಾವಲುಗಾರನನ್ನು ಕೇಳಿದೆ.

“ಅದರ ನೆರಳಲ್ಲೇ ನಿಂತಿದ್ದೀರಲ್ಲಮ್ಮಾ,” ಅಂದ.

ಮುಖ ಎಲ್ಲಿಟ್ಟುಕೊಳ್ಳಲಿ ಹೇಳು. ನಾಚಿಕೆ ಬಿಟ್ಟು ಇದನ್ನು ಬರೆದದ್ದು ನಿನಗಾಗಿ. “ನೀರ ಮೇಲೆ ತೂಗಾಡೋ ಮನೇಲಿ ನಂಗೆ ನಿದ್ದೆ ಹತ್ತಲ್ಲ ಕಣೇ,” ಅಂದಿದ್ದೆಯಲ್ಲ, ಆ ಟವೆಲ್ ಅಲುಗಾಡಿತೇ ಹೊರತು ಹಡಗು ಅಲುಗಾಡಲಿಲ್ಲ. ಬೆಳಗ್ಗೆ ಬರ್ತೀನಿ, ಸಂಜೆ ಬರಲ್ಲ ಅನ್ನುತ್ತ ಎರಡು ದೋಣಿಯ ಮೇಲೆ ಕಾಲಿಟ್ಟದ್ದು ಸಾಕು. ಒಂದು ಹಡಗಿನ ಮೇಲೆ ಇಡು. ನಾಲ್ಕೇ ದಿನ, ಭಾವ ಅನ್ನ ಮಾಡಿಕೊಳ್ಳುತ್ತಾರೆ. ನಾವು ನೋಡುವ ದ್ವೀಪ ಈ ಕಾರ್ಡಿನ ಹಿಂಬದಿಯ ಚಿತ್ರದಲ್ಲಿದೆ, ತೆಂಗಿನ ಮರ ಎಣಿಸುತ್ತಿರು.

ಆರೋಗ್ಯವಾಗಿದ್ದೇನೆ, ಹೊಸ ಚಪ್ಪಲಿ ಮಾತ್ರ ಹಿಮ್ಮಡಿ ಕಚ್ಚಿದೆ. ಎರಡು ಮಂಚದ ಕೋಣೆ ಹಿಡಿದೆ, ಆದರೆ ಕಿಟಕಿ ಇರುವುದು ಒಂದೇ ಮಂಚದ ಪಕ್ಕ. ಬಸ್ಸು ಹತ್ತಿದರೆ ನನಗೆ ವಾಂತಿಯೆಂದು ಚಿಕ್ಕಂದಿನಿಂದ ಪ್ರತಿ ಸಲವೂ ಕಿಟಕಿ ನನಗೇ ಬಿಟ್ಟುಕೊಟ್ಟವಳು ನೀನು. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡಿದ್ದೇನೆ. ಈ ಸಲ ಕಿಟಕಿ ನಿನಗೆ.

ನಿನ್ನ ಪುಟ್ಟಿ