ಕೂತವರು ಏಳಬೇಕಲ್ಲ

ಮನೆ, ಕಿಟಕಿ ಪಕ್ಕದ ಮಂಚ
ಜೂನ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗನೇ,

ಹೇಗಿದ್ದೀಯಪ್ಪ? ಸುರಂಗದ ಧೂಳಿಗೆ ಹಿಡಿದ ಕೆಮ್ಮು ಬಿಡ್ತಾ? ಮೂಗಿಗೆ ಬಟ್ಟೆ ಕಟ್ಟಿಕೋ ಅಂದರೆ "ನಾನಲ್ಲಿ ಮೇಸ್ತ್ರಿ ಕಣಮ್ಮ, ಹುಡುಗರು ನಗ್ತಾರೆ" ಅಂತೀಯ. ನಗಲಿ ಬಿಡು, ಕೆಮ್ಮೋನು ನೀನು ತಾನೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ, ಹೊಸ ಕನ್ನಡಕ ಹಾಕಿಕೊಂಡ ಮೇಲೆ ಮನೆ ತುಂಬ ಕಸ ಕಾಣುತ್ತೆ ಅಂತ ನನ್ನ ಮೇಲೆ ರೇಗ್ತಾಳೆ. ನನ್ನ ಸೊಂಟ ಮಾತ್ರ ಯಾರ ಮಾತೂ ಕೇಳೋದಿಲ್ಲ. ಆದರೆ ಈ ವಾರ ಆ ಸೊಂಟವೇ ಒಂದು ಘನಕಾರ್ಯ ಮಾಡಿದೆ, ಮುಂದೆ ಹೇಳ್ತೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕ್ತೀಯ, ಇಲ್ಲಾ ಲೈನೇ ಸತ್ತುಹೋಗುತ್ತೆ. ಅದಕ್ಕೇ ರಜೆ ಮುಗಿಸಿ ಅಲ್ಲಿಗೆ ಹೊರಟಿರೋ ನಿಮ್ಮ ಸರ್ವೇಯರ್ ಕೈಯಲ್ಲಿ ಈ ಕಾಗದ ಕಳಿಸ್ತಿದ್ದೇನೆ. ಪೂರ್ತಿ ಓದು.

ನಿನ್ನ ಮಗಳಿಗೆ, ನಮ್ಮ ಚಿನಕುರುಳಿಗೆ, ಬುದ್ಧಿ ಹೇಳಿ ದಾರಿಗೆ ತಾ ಅಂತ ನನ್ನನ್ನು ಅಟ್ಟಿದೆಯಲ್ಲ, ಹೋಗಿದ್ದೆ. ನಿನ್ನ ಸಂಕಟ ನನಗೆ ಗೊತ್ತಿಲ್ಲವೇ? ಮಗಳು ಬಿಸಿನೆಸ್ ಓದಲಿ ಅಂತ ನೀನು ಆ ಬೆಟ್ಟದ ಹೊಟ್ಟೆಯೊಳಗೆ ಹೊಕ್ಕೆ. ಅವಳೂ ಓದಿ, ಗಾಜಿನ ಕಟ್ಟಡದ ಕನ್ಸಲ್ಟಿಂಗ್ ಕಂಪನಿ ಸೇರಿ, ತಲೆ ನರೆತ ಯಜಮಾನರಿಗೆಲ್ಲ ವ್ಯಾಪಾರ ಹೇಗೆ ಮಾಡಬೇಕು ಅಂತ ಪಾಠ ಹೇಳಿದಳು. ನೀನು ಸೈಟಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದು ದಿನ ಅದನ್ನು ಬಿಟ್ಟು "ಅಪ್ಪಾ, ಹಳೇ ಕುರ್ಚಿ ರಿಪೇರಿ ಮಾಡೋ ಸ್ಟಾರ್ಟಪ್ ಶುರು ಮಾಡಿದೀನಿ" ಅಂದಳು. ಈಗ ಹಳೇ ಕಂಪನಿಯವರೇ ದೊಡ್ಡ ಹುದ್ದೆ ಕೊಡ್ತೀವಿ, ಬರೋ ಶುಕ್ರವಾರದೊಳಗೆ ಹೇಳು ಅಂದಿದ್ದಾರೆ. ಅವಳು ನನ್ನ ಹತ್ತಿರ ಒಂದೇ ಮಾತು ಹೇಳಿದಳು, "ಅಜ್ಜಿ, ನನಗೆ ಹೋಗೋ ಮನಸ್ಸಿಲ್ಲ. ಆದ್ರೆ ಅಪ್ಪ ಬಾಯಿಬಿಟ್ಟು ಹೋಗು ಅಂದ್ರೆ ಹೋಗ್ತೀನಿ. ಅವರು ನನಗೋಸ್ಕರ ಕತ್ತಲಲ್ಲಿದ್ದಾರೆ." ಚೆಂಡು ಈಗ ನಿನ್ನ ಅಂಗಳದಲ್ಲಿದೆ ಮಗನೇ.

ಬಿಟ್ಟಿದ್ದು ಯಾಕೆ ಅಂತ ನೀನು ಕೇಳಿರಲಿಲ್ಲ, ಬರೀ ಕೂಗಾಡಿದೆ. ನಾನು ಕೇಳಿದೆ. ಯಾವುದೋ ಕಂಪನಿಗೆ ಎರಡು ಆಫೀಸನ್ನು ಒಂದು ಮಾಡಿ ಅಂತ ಇವಳೇ ಸಲಹೆ ಕೊಟ್ಟಳಂತೆ. ಆ ಕೆಲಸ ಮುಗಿದ ದಿನ ಎಲ್ಲರೂ ಚಪ್ಪಾಳೆ ಹೊಡೆದರು. ಕೆಳಗಿಳಿದು ಹಿತ್ತಿಲ ಬಾಗಿಲಿಂದ ಹೊರಟರೆ, ಖಾಲಿ ಮಾಡಿದ ಆಫೀಸಿನ ಕುರ್ಚಿಗಳನ್ನು ಲಾರಿಗೆ ಎಸೆಯುತ್ತಿದ್ದಾರೆ. ಒಂದೊಂದೂ ಗಟ್ಟಿಮುಟ್ಟು, ಎಲ್ಲೋ ಒಂದು ಚಕ್ರ ಹೋಗಿದೆ, ಎಲ್ಲೋ ಸ್ಪಂಜು ಹರಿದಿದೆ ಅಷ್ಟೆ. ಎಲ್ಲಾ ಕಸದ ಗುಡ್ಡಕ್ಕೆ. "ನಾವು ಹೇಳ್ತೀವಿ, ಎದ್ದು ಬರ್ತೀವಿ. ಆಮೇಲೆ ಏನಾಯ್ತು ಅಂತ ನಾನು ನೋಡಿದ್ದು ಅವತ್ತೇ ಮೊದಲು" ಅಂದಳು. ಅಲ್ಲಿಂದ ಹುಟ್ಟಿದ್ದು ಈ ಹುಚ್ಚು.

ಮುಚ್ಚಿಹೋದ ಪ್ರೆಸ್ಸಿನ ಹಿಂದಿನ ಶೆಡ್ ಅವಳ ಕಾರ್ಖಾನೆ. ಒಳಗೆ ಹೋದರೆ ಅಂಟಿನ ವಾಸನೆ, ವೆಲ್ಡಿಂಗ್ ಕಿಡಿ, ಗೋಡೆಗೆ ಒರಗಿದ ಕಾಲಿಲ್ಲದ ಬೆನ್ನುಗಳು, ಬೆನ್ನಿಲ್ಲದ ಕಾಲುಗಳು. ಯುದ್ಧ ಮುಗಿದ ಬಯಲಿನ ಹಾಗಿತ್ತು. ಅವಳ ಜೊತೆ ಕೆಲಸ ಬಿಟ್ಟು ಬಂದ ಗೆಳತಿಯೇ ಪಾಲುದಾರಳು. ಜಿರಾಫೆ ಅಂತ ಕರೀತಾರೆ, ಅಷ್ಟು ಉದ್ದ. ಅಲ್ಲೊಂದು ನಿಯಮ ಇದೆ. ಕುರ್ಚಿಯನ್ನು ಯಾರು ರಿಪೇರಿ ಮಾಡಿದರೋ ಅವರೇ ಅದರ ಮೇಲೆ ಇಡೀ ದಿನ ಕೂತು ಕೆಲಸ ಮಾಡಬೇಕು. ನೋಯಲಿಲ್ಲ ಅಂದರೆ ಮಾತ್ರ ಅದು ಹೊರಗೆ ಹೋಗೋದು. ಎಷ್ಟು ಚೆಂದದ ನಿಯಮ ಅಂದುಕೊಂಡೆ. ಕೊಂಕು ಹುಡುಕೋಕೆ ಹೋದ ಬಾಯಿ ನನ್ನದು, ಅದೂ ಮುಚ್ಚಿಕೊಂಡಿತು.

ಅವತ್ತು ಕಣ್ಣಾಸ್ಪತ್ರೆಯ ಕಾಯುವ ಹಾಲಿಗೆ ಕುರ್ಚಿ ಹೊರಡುವ ದಿನ. ಅವರ ಮೊದಲ ದೊಡ್ಡ ಆರ್ಡರು, ಮಾರನೇ ದಿನ ಹೊಸ ಹಾಲಿನ ಉದ್ಘಾಟನೆ. ಚಕ್ರ ಕಿತ್ತು ಗಟ್ಟಿ ಕಾಲು ಹಾಕಿ, ಒಂದು ಸಾಲಿಗೆ ಹೆಚ್ಚು ಜನ ಹಿಡಿಸಲಿ ಅಂತ ಪಕ್ಕದ ಕೈಗಳನ್ನೆಲ್ಲ ಬಿಚ್ಚಿ ಮೂಲೆಗೆ ರಾಶಿ ಹಾಕಿದ್ದರು. ವ್ಯಾನಿಗೆ ಏರಿಸೋಕೆ ಉಳಿದಿದ್ದ ಕೊನೇ ಕುರ್ಚಿ ಮೇಲೆ "ಕೂತ್ಕೋ ಅಜ್ಜಿ" ಅಂತ ನನ್ನನ್ನು ಕೂರಿಸಿದಳು. ಆಹಾ! ಹತ್ತಿಯ ಮೂಟೆ ಮೇಲೆ ಕೂತ ಹಾಗಿತ್ತು. ಹಾಡಿ ಹೊಗಳಿದೆ. ಹೊಗಳಿ ಏಳೋಕೆ ಹೋದೆ, ಏಳೋಕಾಗಲಿಲ್ಲ! ಹಿಡಿದುಕೊಳ್ಳೋಕೆ ಪಕ್ಕದಲ್ಲಿ ಏನೂ ಇಲ್ಲ, ಸೊಂಟ ಒಳಕ್ಕೆ ಹೂತಿದೆ, ಕಾಲು ಗಾಳಿಯಲ್ಲಿ ಈಜಾಡ್ತಿದೆ. "ಅಯ್ಯೋ ಎತ್ರೇ ನನ್ನ!" ಅಂತ ಕೂಗಿಕೊಂಡೆ. ಜಿರಾಫೆ ಓಡಿ ಬಂದು ಎತ್ತಿದಳು, ಎಲ್ಲರೂ ನಕ್ಕರು. ನಿನ್ನ ಮಗಳು ಮಾತ್ರ ನಗಲಿಲ್ಲ. "ನಾವೆಲ್ಲ ದಿನಗಟ್ಟಲೆ ಕೂತು ನೋಡಿದ್ವಿ. ಏಳೋದನ್ನ ಯಾರೂ ನೋಡೇ ಇಲ್ವಲ್ಲ" ಅಂದಳು. ಹೌದಲ್ಲ, ಅಲ್ಲಿರೋರೆಲ್ಲ ಜಿಂಕೆಮರಿಗಳು. ಆಸ್ಪತ್ರೆಗೆ ಬರೋರು ನನ್ನಂಥವರು, ಅದೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು.

ಜಿರಾಫೆ ಹೇಳಿದಳು, "ಈಗ ಕಳಿಸೋಣ ಕಣೇ, ಯಾರಾದ್ರೂ ಕೇಳಿದ್ರೆ ನೋಡೋಣ. ಇದು ಕೈಬಿಟ್ರೆ ನಾವು ಶೆಡ್ಡಿಗೆ ಬೀಗ ಹಾಕ್ಬೇಕು." ಇವಳು ವ್ಯಾನಿನ ಹಗ್ಗ ಬಿಚ್ಚಿದಳು. ಆಸ್ಪತ್ರೆಯ ಮ್ಯಾನೇಜರಿಗೆ ಫೋನ್ ಮಾಡಿದಳು. ಆತನ ಕಿರುಚಾಟ ನನ್ನ ಕಿವಿಗೂ ಬಿತ್ತು, "ಕೂರೋಕೆ ಚೆನ್ನಾಗಿದೆ ಅಂತೀರಲ್ಲ, ಇನ್ನೇನ್ರೀ?" ನಿನ್ನ ಮಗಳು ಮೆತ್ತಗೆ ಹೇಳಿದಳು, "ಕೂತವರು ಏಳಬೇಕಲ್ಲ ಸಾರ್. ಕೈ ಬಿಚ್ಚಿಸಿದ್ದು ನಾನು, ತಪ್ಪು ನನ್ನದು. ನಾಳೆಗೆ ಬೇರೆ ಕುರ್ಚಿ ಬಾಡಿಗೆಗೆ ತಂದು ಹಾಕ್ತೀನಿ. ಇವನ್ನ ಸರಿ ಮಾಡದೆ ಕಳಿಸಲ್ಲ." ಆತ ಪಟ್ಟಂತ ಫೋನ್ ಇಟ್ಟ. ಆರ್ಡರು ಉಳಿಯಿತೋ ಹೋಯಿತೋ ಗೊತ್ತಿಲ್ಲದೆಯೇ ಅವಳು ಸೆರಗಿಲ್ಲದ ಸೊಂಟಕ್ಕೆ ದುಪಟ್ಟಾ ಬಿಗಿದು, ಮೂಲೆಯ ರಾಶಿಯಿಂದ ಕೈಗಳನ್ನು ಆರಿಸತೊಡಗಿದಳು. ನೀನು ಬಂಡೆ ಬಿರುಕು ಬಿಟ್ಟ ಸುದ್ದಿ ಬಂದಾಗ ಊಟ ಬಿಟ್ಟು ಎದ್ದು ಹೋಗ್ತೀಯಲ್ಲ, ಥೇಟ್ ಅದೇ ಮುಖ.

ಮೊನ್ನೆ ಕುರ್ಚಿ ಹೋದವು. ಮ್ಯಾನೇಜರು ಗೊಣಗಿಕೊಂಡೇ ಇಳಿಸಿಕೊಂಡರು. ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಹಾಲಿನ ಬಾಗಿಲ ಹತ್ತಿರ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಅವಳು ಜನರ ಮುಖ ಬಿಟ್ಟು ಮಂಡಿಗಳನ್ನೇ ನೋಡ್ತಿದ್ದಳು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದ ಒಬ್ಬ ಮುದುಕ, ಹೆಸರು ಕೂಗಿದಾಗ ಅಕ್ಕಪಕ್ಕ ತಡವಿದ. ಕುರ್ಚಿಯ ಕೈ ಸಿಕ್ಕಿತು. ಊರಿದ, ಎದ್ದ, ಯಾರನ್ನೂ ಕರೆಯದೆ ಹೋದ. ಅವಳು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅಷ್ಟಾದ ಮೇಲೆ ಯಾವ ಬಾಯಲ್ಲಿ ಬುದ್ಧಿ ಹೇಳಲಿ ಹೇಳು? ನೀನು ಹೇಳಿಕೊಟ್ಟಿದ್ದನ್ನೆಲ್ಲ ನುಂಗಿಕೊಂಡು ಮನೆಗೆ ಬಂದೆ.

ಮೈ ಬಗ್ಗೆ ಎಚ್ಚರವಿರಲಿ. ಸುರಂಗದ ಆಚೆ ಬದಿಯ ಬೆಳಕು ನಿನಗೆ ಬೇಗ ಕಾಣಲಿ, ನಗ್ತಾ ಮನೆಗೆ ಬಾ. ನಿನ್ನ ಹೆಂಡತಿ ನೆನಪು ಹೇಳಿದ್ದಾಳೆ, ಬನಿಯನ್ ಬದಲಾಯಿಸು ಅಂತಲೂ ಹೇಳಿದ್ದಾಳೆ.

ನಿನ್ನ ಒಳ್ಳೆಯದನ್ನೇ ಬಯಸುವ
ಅಮ್ಮ

ಮರೆತಿದ್ದೆ ನೋಡು, ಸರ್ವೇಯರ್ ಬಾಗಿಲಲ್ಲೇ ನಿಂತಿದ್ದಾನೆ. ನಾಳೆಯಿಂದ ನಾನೂ ಆ ಶೆಡ್ಡಿಗೆ ಕೆಲಸಕ್ಕೆ ಹೋಗ್ತೇನೆ. ಪ್ರತಿ ಕುರ್ಚಿ ಮೇಲೂ ಕೂರೋದು, ಏಳೋದು, ಬೈಯೋದು. ಜೀವಮಾನದಲ್ಲಿ ಮೊದಲ ನೌಕರಿ ಕಣೋ, ಕೊನೆಗೂ ನನ್ನ ಬೈಗುಳಕ್ಕೆ ಬೆಲೆ ಬಂತು! ಶುಕ್ರವಾರ ಅವಳು ಫೋನ್ ಮಾಡಿ "ಏನ್ ಮಾಡ್ಲಿ ಅಪ್ಪಾ?" ಅಂದಾಗ ಯೋಚಿಸಿ ಬಾಯಿ ತೆಗಿ. ನೀನು ವಾಪಸ್ ಹೋಗು ಅಂದೆಯೋ, ಹೆತ್ತ ತಾಯಿಯ ಅನ್ನಕ್ಕೆ ಕಲ್ಲು ಹಾಕಿದ ಹಾಗೆ.