ಕರಡಿಯ ತಲೆಯ ಮೇಲೆ ಬೀಳುವ ಕೊಡಪಾನದ ಕುರಿತು

ಟಿ.ವಿ. ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರೇ,

ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನೀವು ತೋರಿಸುವ ‘ಪುಂಡಾನೆಪುರ’ ಎಂಬ ಕಾರ್ಟೂನು ಧಾರಾವಾಹಿಯ ಕರಡಿಯಿಂದಾಗಿ ನಾನು ಊರಿನಲ್ಲಿ ಬಾಯಿ ತೆರೆಯುವಂತಿಲ್ಲ. ಇದೇ ನನ್ನ ದೂರು. ಇದಕ್ಕೆ ಮುಂಚೆ ಎರಡು ಪತ್ರ ಬರೆದಿದ್ದೆ, ಎರಡರಲ್ಲೂ ತಮ್ಮನ್ನು ‘ಮಾನ್ಯರೇ’ ಎಂದೇ ಕರೆದಿದ್ದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಅದೇ ಕರಡಿಯ ಬಣ್ಣದ ಚಿತ್ರವೊಂದು ಅಂಚೆಯಲ್ಲಿ ಬಂತು. ಕೆಳಗೆ ‘ನಿಮ್ಮ ಅಭಿಮಾನಕ್ಕೆ ಋಣಿ’ ಎಂದು ಅಚ್ಚು ಹಾಕಿಸಿದ್ದೀರಿ. ನನ್ನ ಹೆಂಡತಿ ಕಾತ್ಯಾಯಿನಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಆದ್ದರಿಂದ ಈ ಸಲ ಪತ್ರಿಕೆಯ ಮೂಲಕ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕಲ್ಲ. ಮೂಡಿಗೆರೆ ತಾಲೂಕಿನ ಬಾಳೂರು ಕಡೆಯ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತನಾದವನು. ಅದು ಹೊಟ್ಟೆಪಾಡು. ನನ್ನ ನಿಜವಾದ ಕೆಲಸ ತಾಳಮದ್ದಳೆಯಲ್ಲಿ ಅರ್ಥ ಹೇಳುವುದು. ನಿಮ್ಮ ಕಚೇರಿಯಲ್ಲಿ ಇದು ಗೊತ್ತಿಲ್ಲದವರಿದ್ದರೆ ಅವರಿಗಾಗಿ ವಿವರಿಸುತ್ತೇನೆ, ಗೊತ್ತಿರುವ ಒಬ್ಬ ಪುಣ್ಯಾತ್ಮ ಇದ್ದೇ ಇದ್ದಾನೆ ಎಂಬುದು ನನ್ನ ಅನುಮಾನ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ನಾವು ಶಾಲು ಹೊದ್ದು ಕೂತಲ್ಲೇ ರಾಜರೋ ರಾಕ್ಷಸರೋ ಆಗಿ ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತೇವೆ. ಪದ ಎರಡು ನಿಮಿಷವಾದರೆ ಅರ್ಥ ಇಪ್ಪತ್ತು ನಿಮಿಷ. ನನ್ನದು ನಲವತ್ತು ನಿಮಿಷ ಎನ್ನುವವರಿದ್ದಾರೆ, ಅವರಿಗೆ ಹೊಟ್ಟೆಕಿಚ್ಚು. ಇದರಿಂದ ನಮ್ಮ ಜನರಿಗೊಂದು ಅಭ್ಯಾಸ ಬಂದುಬಿಟ್ಟಿದೆ. ಬರೀ ಪದ ಕೇಳಿ ಅವರು ನಗುವುದೂ ಇಲ್ಲ, ಅಳುವುದೂ ಇಲ್ಲ. ಮೊದಲು ಅರ್ಥ ಆಗಲಿ ಎಂದು ಕಾಯುತ್ತಾರೆ.

ಹೋದ ವರ್ಷ ಬಾಳೂರಿನ ವಸಂತಮ್ಮ ತಮ್ಮ ಹೋಟೆಲಿಗೆ ಡಿಶ್ ಹಾಕಿಸಿದರು. ಭಾನುವಾರ ಎಸ್ಟೇಟುಗಳಿಗೆ ರಜೆ; ಕಳಸಕ್ಕೆ ಸಾಮಾನು ತರಲು ಹೋಗುವವರು ಜೀಪು ತುಂಬುವ ತನಕ ಅಲ್ಲೇ ಕೂರುತ್ತಾರೆ. ಹಾಗೆ ಕೂತಿದ್ದ ಒಂದು ಭಾನುವಾರ ನಿಮ್ಮ ಪುಂಡಾನೆಪುರ ಶುರುವಾಯಿತು. ಒಂದು ಕತ್ತೆಕಿರುಬ ಕಪ್ಪು ಕೋಟು ಹಾಕಿಕೊಂಡು ರೈಲಿನ ನೆತ್ತಿಯ ಮೇಲೆ ಓಡಿತು. ಒಂದು ಹೇಂಟೆ ಬಿಳಿ ಸೀರೆಯುಟ್ಟು ಜಲಪಾತದ ಕೆಳಗೆ ಕುಣಿಯಿತು. ಒಂದು ಮುಳ್ಳುಹಂದಿ ಟೈ ಕಟ್ಟಿಕೊಂಡು ವಾರ್ತೆ ಓದಿತು. ಟಿ.ವಿ.ಯ ಒಳಗೆ ಯಾರೋ ಗುಂಪಾಗಿ ನಕ್ಕರು. ಹೋಟೆಲಿನಲ್ಲಿ ಒಂದು ನರಪಿಳ್ಳೆ ನಗಲಿಲ್ಲ. ಇಪ್ಪತ್ತೈದು ಜನ ಮೆಲ್ಲಗೆ ತಿರುಗಿ, ಮೂಲೆಯ ಬೆಂಚಿನಲ್ಲಿ ಬನ್ಸ್ ತಿನ್ನುತ್ತಿದ್ದ ನನ್ನನ್ನು ನೋಡಿದರು. ಪಕ್ಕದ ಎಸ್ಟೇಟಿನ ಮೇಸ್ತ್ರಿ ಕೆಂಚಯ್ಯ ಕೇಳಿದ: “ಮೇಷ್ಟ್ರೇ, ಪದ ಆಯ್ತಲ್ಲ. ಅರ್ಥ ಹೇಳಿ ಮತ್ತೆ.”

ನಾನೇನು ಮಾಡಬೇಕಿತ್ತು? ನಿಮ್ಮ ಕತ್ತೆಕಿರುಬ ಯಾವ ಸಿನಿಮಾವನ್ನು ಅಣಕಿಸುತ್ತಿದೆ, ನಿಮ್ಮ ಹೇಂಟೆ ಯಾವ ನಾಯಕಿಯನ್ನು ಅಣಕಿಸುತ್ತಿದೆ ಎಂದು ಈ ಬೆಟ್ಟದಲ್ಲಿ ಕೂತವನಿಗೆ ಹೇಗೆ ತಿಳಿಯಬೇಕು? ನಾನು ಟಾಕೀಸಿಗೆ ಕೊನೆಯ ಸಲ ಹೋದದ್ದು ಮದುವೆಯಾದ ಹೊಸತರಲ್ಲಿ, ಅದೂ ಅರ್ಧದಲ್ಲಿ ಕರೆಂಟು ಹೋಯಿತು. ಆದರೆ ‘ಗೊತ್ತಿಲ್ಲ’ ಎಂಬ ಮಾತು ಅರ್ಥಧಾರಿಯ ಬಾಯಲ್ಲಿ ಬರಬಾರದು. ನಿಮ್ಮ ಜಾಹೀರಾತು ಶುರುವಾಯಿತು, ನಾನೂ ಶುರು ಮಾಡಿದೆ. ಇದೊಂದು ಇಂಗ್ಲಿಷ್ ಸಿನಿಮಾ, ಅದರಲ್ಲಿ ಒಬ್ಬ ರೈಲ್ವೆ ಗಾರ್ಡು, ಅವನ ತಾಯಿ ಅದೇ ರೈಲಿನ ಕೊನೆಯ ಡಬ್ಬಿಯಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಮಲಗಿದ್ದಾಳೆ, ಔಷಧ ಇವನ ಕಿಸೆಯಲ್ಲಿದೆ, ಇವನು ಮೊದಲನೆಯ ಡಬ್ಬಿಯಲ್ಲಿದ್ದಾನೆ, ನಡುವೆ ಕಾಲಿಡಲು ಜಾಗವಿಲ್ಲದಷ್ಟು ಜನ, ಅದಕ್ಕೇ ಮೇಲಿನಿಂದ ಓಟ ಎಂದೆ. ಎರಡೂವರೆ ನಿಮಿಷದ ಸಾಬೂನಿನ ಜಾಹೀರಾತಿನೊಳಗೆ ಆ ತಾಯಿಯನ್ನು ಬದುಕಿಸಲು ನನ್ನಿಂದಾಗಲಿಲ್ಲ. ಕೆಂಚಯ್ಯ ಟವೆಲಿನಿಂದ ಕಣ್ಣು ಒರೆಸಿಕೊಂಡ.

“ಅಂಥ ತಾಯಿ ಕಥೇನ ಹಿಂಗೆ ತಮಾಷೆ ಮಾಡ್ತಾರಲ್ಲ, ಇವ್ರೇನು ಮನುಷ್ಯರಾ ಮಾರಾಯ್ರೆ!” ಎಂದು ಟಿ.ವಿ.ಗೆ ಬೈದ.

ಅಲ್ಲಿಂದ ವಾರವಾರವೂ ಇದೇ ಕೆಲಸ. ನೀವು ನಗಿಸಲೆಂದು ಮಾಡಿದ ಕಾರ್ಯಕ್ರಮಕ್ಕೆ ನಮ್ಮಲ್ಲಿ ಕರ್ಚೀಫು ಹಿಡಿದು ಬರುವವರಾದರು. ನನ್ನ ಅರ್ಥ ಮುಗಿಯದೆ ಜೀಪು ಹೊರಡುತ್ತಿರಲಿಲ್ಲ. ಒಮ್ಮೆ ವಸಂತಮ್ಮನ ಅಳಿಯ ಚಿಕ್ಕಮಗಳೂರಿನಿಂದ ಆ ರೈಲಿನ ಸಿನಿಮಾದ ಸಿ.ಡಿ.ಯನ್ನೇ ತಂದು ಹಾಕಿದ. ಗಾರ್ಡೂ ಇಲ್ಲ, ತಾಯಿಯೂ ಇಲ್ಲ, ಯಾವನೋ ಕಳ್ಳ ವಜ್ರ ಕದ್ದುಕೊಂಡು ಓಡುತ್ತಿದ್ದಾನೆ. ಎಲ್ಲರೂ ಕೊನೆಯವರೆಗೆ ತಾಯಿಗಾಗಿ ಕಾದರು. ಕಡೆಗೆ ವಸಂತಮ್ಮ ಅಳಿಯನಿಗೆ, “ಇದು ಡೂಪ್ಲಿಕೇಟು ಕಣಪ್ಪಾ, ತಾಯಿ ಸೀನನ್ನೇ ಕತ್ತರಿಸಿ ಮಾರಿದಾರೆ. ವಾಪಸ್ ಕೊಟ್ಟು ಬಾ,” ಎಂದರು. ಅವನು ನಿಜಕ್ಕೂ ಹೋಗಿ ಅಂಗಡಿಯವನ ಹತ್ತಿರ ಜಗಳವಾಡಿ ಬಂದ. ನಾನು ಸುಳ್ಳು ಹೇಳಿದೆನೆಂದು ನೀವು ಮೂಗು ಮುರಿಯಬೇಡಿ. ನೀವು ಒಬ್ಬರ ಕಥೆಯನ್ನು ತಿರುಚಿ ತೋರಿಸಿದರೆ ಅಣಕ, ನಾನು ಅದನ್ನು ನೆಟ್ಟಗೆ ಮಾಡಿ ಹೇಳಿದರೆ ಸುಳ್ಳೋ?

ಹಾಗಾದರೆ ಕೇಳಿ. ಕ್ಷಮಿಸಿ, ಈ ಮಾತು ಬಾಯಿಗೆ ಬಂದರೆ ಈಗ ಮೈ ಝುಂ ಎನ್ನುತ್ತದೆ. ಕಾರಣ ಹೇಳುತ್ತೇನೆ.

ಅಕ್ಟೋಬರಿನ ಮೊದಲ ಭಾನುವಾರ ನಿಮ್ಮ ಕರಡಿ ಬಂತು. ಹೆಗಲಿಗೆ ಶಾಲು. ಕನ್ನಡಕಕ್ಕೆ ಕಪ್ಪು ದಾರ. ಮುಂದೆ ಎಲೆಯಡಿಕೆ ತಟ್ಟೆ. ಒಂದು ನರಿ ತಾಳ ಹಿಡಿದು ಪದ ಹಾಡಿತು, ಕರಡಿ ಗಂಟಲು ಸರಿ ಮಾಡಿಕೊಂಡು, ಎಡಗೈಯಿಂದ ಮೊಣಕಾಲು ತಟ್ಟಿ, “ಹಾಗಾದರೆ ಕೇಳು!” ಎಂದಿತು. ಎದುರು ಕೂತ ಆನೆಗಳು ಆಕಳಿಸಿದವು. ಕರಡಿ, “ಹಾಗೆ ನೋಡಿದರೆ... ಒಂದರ್ಥದಲ್ಲಿ... ಅಥವಾ ಹೀಗೂ ಹೇಳಬಹುದು...” ಎನ್ನುತ್ತಿದ್ದಂತೆ ಮರದ ಮೇಲಿನಿಂದ ಒಂದು ತಾಮ್ರದ ಕೊಡಪಾನ ಅದರ ತಲೆಯ ಮೇಲೆ ಬಿತ್ತು. ಢಣ್! ಜಾಹೀರಾತು.

ಇಷ್ಟು ತಿಂಗಳಲ್ಲಿ ನನಗೆ ನಿಜವಾಗಿ ಗೊತ್ತಿದ್ದದ್ದನ್ನು ನೀವು ಅಣಕಿಸಿದ್ದು ಅದೇ ಮೊದಲು. ಆ ಶಾಲು ಗೊತ್ತು, ಆ ದಾರ ಗೊತ್ತು, ಮೊಣಕಾಲು ತಟ್ಟುವುದಂತೂ ಚೆನ್ನಾಗಿ ಗೊತ್ತು. ಅರ್ಥ ಹೇಳಬೇಕಾದ ಹೊತ್ತಿಗೆ ನಾನು ನನ್ನ ಕನ್ನಡಕದ ದಾರವನ್ನು ಅಂಗಿಯೊಳಗೆ ತುರುಕುತ್ತಿದ್ದೆ. ಕೆಂಚಯ್ಯ ಪಾಪ, “ಮೇಷ್ಟ್ರೇ, ಇದು ಯಾವ ಸಿನಿಮಾ?” ಎಂದ. ವಸಂತಮ್ಮ ಗಲ್ಲಾದಿಂದಲೇ, “ಸಿನಿಮಾ ಎಂಥದು ಮಾರಾಯ, ಇದು ನಮ್ಮ ಮೇಷ್ಟ್ರಲ್ವಾ!” ಎಂದರು. ಮುಖ್ಯಸ್ಥರೇ, ಅವತ್ತು ನಮ್ಮ ಜನ ಅರ್ಥಕ್ಕೆ ಕಾಯದೆ ನಕ್ಕರು. ಬೆಂಚು ಅಲುಗುವಂತೆ ನಕ್ಕರು. ಜೀಪು ಐದು ನಿಮಿಷದಲ್ಲಿ ತುಂಬಿ ಹೊರಟಿತು.

ಆಮೇಲೆ ನನ್ನ ಪಾಡು ನಾಯಿಪಾಡು. ಸೊಸೈಟಿಯಲ್ಲಿ ಅಕ್ಕಿ ಹುಳ ಹಿಡಿದಿದೆ ಎಂದು ತಕರಾರು ತೆಗೆದರೆ ಸಾಲಿನ ಹಿಂದಿನಿಂದ ‘ಢಣ್’. ಬಸ್ಸು ಯಾಕೆ ಬರಲಿಲ್ಲವೆಂದು ಡಿಪೋಗೆ ಫೋನು ಮಾಡಿದರೆ ಬೂತಿನ ಹೊರಗಿನಿಂದ ‘ಢಣ್’. ಉಪ್ಪಿಟ್ಟಿನ ವಿಚಾರವಾಗಿ ನಾನು ಮಾತು ತೆಗೆದರೆ ಸಾಕು, ನಲವತ್ತು ವರ್ಷ ಸಂಸಾರ ಮಾಡಿದ ಕಾತ್ಯಾಯಿನಿ ಸೌಟಿನಿಂದ ಬಾಣಲೆಗೆ ಒಂದು ಕುಟ್ಟುತ್ತಾಳೆ. ನಿಮ್ಮ ಧಾರಾವಾಹಿಯ ಆರಂಭದಲ್ಲಿ ‘ಯಾರನ್ನೂ ಉದ್ದೇಶಿಸಿದ್ದಲ್ಲ’ ಎಂದು ಬರೆಯುತ್ತೀರಿ. ಒಳ್ಳೆಯದು. ಯಾರನ್ನೂ ಉದ್ದೇಶಿಸದೆ ಇಷ್ಟು ಸರಿಯಾಗಿ ಗುರಿಯಿಡುವ ಕೈಯನ್ನು ನೀವು ಸೈನ್ಯಕ್ಕೆ ಕಳಿಸಬಹುದು.

ಇಷ್ಟೇ ಆಗಿದ್ದರೆ ನಾನು ಮೂರನೆಯ ಪತ್ರ ಬರೆಯುತ್ತಿರಲಿಲ್ಲ. ಡಿಸೆಂಬರಿನಲ್ಲಿ ಕಳಸದಲ್ಲಿ ತಾಳಮದ್ದಳೆ ಇತ್ತು, ಮಧ್ಯಾಹ್ನ ಊಟವಾದ ಮೇಲೆ. ನನ್ನದು ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ರಾಜನ ಪಾತ್ರ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ; ಈ ನನ್ನ ರಾಮಾಯಣಕ್ಕೆ ಅವನನ್ನೂ ಎಳೆದರೆ ಅವನೂ ನಗೆಪಾಟಲಾಗುತ್ತಾನೆ. ಇಪ್ಪತ್ತಾರು ವರ್ಷದಿಂದ ಆ ಪಾತ್ರ ನನ್ನದೇ. ಮಗನ ಕುದುರೆ ಸವಾರನಿಲ್ಲದೆ ಮನೆಗೆ ಬರುತ್ತದೆ. ತಂದೆ ಅಂಗಳಕ್ಕಿಳಿದು ಅದರ ಕೊರಳು ಹಿಡಿದು ಮಾತಾಡುತ್ತಾನೆ. ಅಲ್ಲಿ ನನಗೆ ಸುಳ್ಳೂ ಬೇಡ, ಅಲಂಕಾರವೂ ಬೇಡ. ಅವತ್ತು ಸಭೆ ತುಂಬಿತ್ತು, ಎಂದೂ ಬಾರದ ಹುಡುಗರೆಲ್ಲ ಬಂದಿದ್ದರು. ಯಾಕೆ ಬಂದಿದ್ದರೆಂದು ನನಗೆ ಗೊತ್ತಿತ್ತು. ಆದರೂ ಕುದುರೆ ಬಂದು ನಿಲ್ಲುವ ಹೊತ್ತಿಗೆ ಅವರೂ ತೆಪ್ಪಗೆ ಕೂತಿದ್ದರು. ನಾನು ಗೆದ್ದೆ ಎಂದುಕೊಂಡೆ. ಕೊನೆಯ ಮಾತಿಗೆ ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಹಿಂದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರ ಕೈಯಿಂದ ಹಿತ್ತಾಳೆಯ ಕೊಳದಪ್ಪಲೆ ಜಾರಿತು.

ಢಣ್.

ಮದ್ದಳೆಯ ಪ್ರಸಾದ ಮುಖವನ್ನು ಮದ್ದಳೆಗೇ ಒತ್ತಿ ಹಿಡಿದ. ಭಾಗವತರು ಛಾವಣಿ ನೋಡಿದರು. ಇನ್ನೂರು ಜನ ತುಟಿ ಕಚ್ಚಿಕೊಂಡು ಕೂತರು. ನನ್ನ ಮೇಲಿನ ಪ್ರೀತಿಗೆ ಹಾಗೆ ಕೂತರು, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೊದಲು ನಕ್ಕವನು ನಾನು. ಸತ್ತ ಮಗನ ಕುದುರೆಯ ಕೊರಳು ಹಿಡಿದುಕೊಂಡು, ಕಣ್ಣಲ್ಲಿ ನೀರಿರುವಾಗಲೇ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಎಲ್ಲರೂ ನಕ್ಕರು. ಭಾಗವತರು ಮಂಗಳ ಹಾಡಿ ಮುಗಿಸಿದರು. ಜೀಪಿನಲ್ಲಿ ಬರುವಾಗ ಪ್ರಸಾದ, “ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಜನ ಖುಷಿಯಾಗಿ ಹೋದ್ರಲ್ಲ,” ಎಂದ. ನನಗೆ ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ. ಊರು ನಕ್ಕರೆ ತಡೆದುಕೊಳ್ಳಬಹುದು ಸ್ವಾಮಿ. ಈಗ ಮನೆಯಲ್ಲಿ ಒಬ್ಬನೇ ಕೂತು ಆ ಮಾತನ್ನು ಹೇಳಿ ನೋಡುತ್ತೇನೆ, ಕೊನೆಯ ವಾಕ್ಯದ ಹತ್ತಿರ ಬಂದಾಗ ನನ್ನ ಕಿವಿಯೇ ಕೊಡಪಾನಕ್ಕೆ ಕಾಯುತ್ತದೆ.

ಕೊಯ್ಲು ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ ಬಾಳೂರಿನಲ್ಲಿ ಅದೇ ಪ್ರಸಂಗ ಮತ್ತೆ ಇದೆ. ಬೇರೆ ಯಾರಿಗಾದರೂ ಪಾತ್ರ ಕೊಡಿ ಎಂದೆ, ಸಂಘದವರು ಒಪ್ಪಲಿಲ್ಲ. ಕರಡಿಯನ್ನು ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ನಿಲ್ಲಿಸಿದರೆ ಕೆಂಚಯ್ಯ ನನ್ನನ್ನು ಬಿಡುವುದಿಲ್ಲ. ಕ್ಷಮೆಯೂ ಬೇಡ, ಮತ್ತೊಂದು ಚಿತ್ರವಂತೂ ಖಂಡಿತ ಬೇಡ. ಹನ್ನೊಂದು ಭಾನುವಾರ ಲೆಕ್ಕವಿಟ್ಟು ನೋಡಿದ್ದೇನೆ, ಹನ್ನೊಂದೂ ಸಲ ಅದು ಬಾಯಿ ತೆರೆದು ಏನೋ ಹೇಳಹೊರಟಿತ್ತು. ಏನು ಹೇಳಹೊರಟಿತ್ತು ಎಂದು ನಿಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ಯೋಚಿಸಿದ್ದೀರಾ? ಇಲ್ಲ ಎಂದು ಗೊತ್ತು. ಆದ್ದರಿಂದ ನಾನೇ ಬರೆದುಕೊಡುತ್ತಿದ್ದೇನೆ. ಮಾರ್ಚಿಗೆ ಮುಂಚಿನ ಯಾವುದಾದರೂ ಒಂದು ಭಾನುವಾರ, ಒಂದೇ ಒಂದು ಸಲ, ಕರಡಿಯ ಮಾತು ಮುಗಿಯಲು ಬಿಡಿ. ಮೊಣಕಾಲು ತಟ್ಟಲಿ, ‘ಹಾಗಾದರೆ ಕೇಳು’ ಎನ್ನಲಿ, ಆನೆಗಳು ಆಕಳಿಸಲಿ. ಆಮೇಲೆ ಅದು ಹೀಗೆ ಹೇಳಲಿ:

“ನಿನ್ನ ಕುದುರೆ ಬಂತು ಮಗಾ. ನೀರು ಕುಡಿಸಿ ಕಟ್ಟಿದ್ದೇನೆ. ಕತ್ತಲಾಗುತ್ತಿದೆ. ಈಗ ನಾನು ಬಾಗಿಲು ಹಾಕಿಕೊಳ್ಳಲೋ, ಬೇಡವೋ?”

ಕೈಗಡಿಯಾರ ಹಿಡಿದು ನೋಡಿದ್ದೇನೆ, ಹನ್ನೆರಡು ಸೆಕೆಂಡು ಸಾಕು. ಅದು ಮುಗಿದ ಮೇಲೆ ಬೇಕಾದರೆ ಎರಡು ಕೊಡಪಾನ ಬೀಳಿಸಿ.

ಇಂತಿ,
ಹನ್ನೆರಡು ಸೆಕೆಂಡಿನ ಸಾಲಗಾರ,
ದಾಮೋದರ ಹೆಬ್ಬಾರ
ನಿವೃತ್ತ ಮೇಷ್ಟ್ರು, ಬಾಳೂರು
(ಊರಲ್ಲಿ ‘ಕರಡಿ ಮೇಷ್ಟ್ರ ಮನೆ’ ಎಂದು ಕೇಳಿದರೆ ಬೇಗ ತೋರಿಸುತ್ತಾರೆ)